ಹಚ್ಚೆಯೂ ಕರ್ಣವೇಧವೂ: ಸೂಚೀಶುದ್ಧಿಯ ವಿಚಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಪ್ರದೇಶವು ಬಹುಕಾಲ ಬಳ್ಳಾರಿಯ ಸೀಮೆಯೆನಿಸಿದ್ದು, ನಡುವೆ ಹರಪನಹಳ್ಳಿಯೊಂದು ಕೆಲವು ವರ್ಷ ದಾವಣಗೆರೆಗೆ ಸೇರಿದ್ದಿತಾದರೂ, ೨೦೨೧ರಿಂದೀಚೆಗೆ ವಿಜಯನಗರ ಜಿಲ್ಲೆಯಲ್ಲಿ ಒಟ್ಟುಗೂಡಿರುವುದು. ಈ ಸೀಮೆಯಲ್ಲಿ ಮನುಷ್ಯನ ಮೈಗೆ ಸೂಜಿಯನ್ನಿಕ್ಕುವ ವೃತ್ತಿಗಳೆರಡು ತಲೆಮಾರುಗಳಿಂದ ನಡೆದುಬಂದಿವೆ. ಪತ್ತಾರರು ಮಕ್ಕಳ ಕಿವಿಯನ್ನೂ ಹೆಣ್ಣುಮಕ್ಕಳ ಮೂಗನ್ನೂ ಚುಚ್ಚುವುದು ಒಂದು. ಕೊರವರ ಹೆಂಗಸರು ಹಣೆ, ಗಲ್ಲ, ತೋಳು, ಮುಂಗೈಗಳಲ್ಲಿ ಹಚ್ಚೆ ಹೊಯ್ಯುವುದು ಮತ್ತೊಂದು. ತಾಂಡಾಗಳ ಲಂಬಾಣಿ ಮುದುಕಿಯರ ಮುಖದಲ್ಲಿ ಈಗಲೂ ಕಾಣುವ ನೀಲಿಯ ಚುಕ್ಕೆಗಳು ಈ ಎರಡನೆಯ ವಿದ್ಯೆಯ ಗುರುತುಗಳು. ಇವೆರಡಕ್ಕೂ ಈಚೆಗೆ ವಿದ್ಯುದ್ಯಂತ್ರದ ಹಚ್ಚೆಯೂ ಕಿವಿ ಚುಚ್ಚುವ ಪಿಸ್ತೂಲೂ ಬಂದು ಸೇರಿಕೊಂಡಿವೆ. ಪೇಟೆಯಲ್ಲಿ ಟ್ಯಾಟೂ ಎಂಬ ಹಲಗೆ ತೂಗುಹಾಕಿದ ಅಂಗಡಿಯಲ್ಲಿಯೂ, ಜಾತ್ರೆಯಲ್ಲಿ ಚಾಪೆಯ ಮೇಲೆಯೂ, ಈ ಯಂತ್ರವು ಒಂದೇ ಸದ್ದು ಮಾಡುತ್ತಿರುತ್ತದೆ.

ಸಾಹಿತ್ಯಶಾಸ್ತ್ರಗಳ ಚರ್ಚೆಗೆ ಮೀಸಲಾದ ಪತ್ರಿಕೆಯಲ್ಲಿ ಸೂಜಿಯ ಮಾತೇಕೆಂದು ವಾಚಕರು ಕೇಳಬಹುದು. ಸಮಾಧಾನವಿದು. ಸೂಜಿಯನ್ನು ಬದಲಾಯಿಸಿದೆಯೇನಪ್ಪ ಎಂದು ಕೇಳಿದವರಿಗೆ ಈ ವೃತ್ತಿಯವರಲ್ಲಿ ಅನೇಕರು ಕೊಡುವ ಉತ್ತರ, "ಇದು ಹಿಂದಿನಿಂದ ಬಂದದ್ದು, ನಮ್ಮ ಅಜ್ಜಿಗೇನಾಯಿತು?" ಎಂಬುದೇ ಆಗಿದೆ. ಹೀಗೆ ಸಂಪ್ರದಾಯವನ್ನು ಸಾಕ್ಷಿಗೆ ಕರೆದಾಗ, ಆ ಸಂಪ್ರದಾಯದ ಗ್ರಂಥಗಳನ್ನು ಓದಿದವರು ಅದು ನಿಜವಾಗಿ ಏನು ಹೇಳುತ್ತದೆಂಬುದನ್ನು ತಿಳಿಸಬೇಕಾಗುವುದು. ಈ ವಿಷಯದಲ್ಲಿ ನಮ್ಮ ಶಾಸ್ತ್ರವು ಅಜಾಗರೂಕತೆಯ ಪಕ್ಷದಲ್ಲಿ ಸಾಕ್ಷಿ ನುಡಿಯುವುದಿಲ್ಲವೆಂದೂ, ಅದು ಕಾಣದಿದ್ದ ಒಂದಂಶವನ್ನು ಇಂದಿನ ವಿಜ್ಞಾನವು ಕೂಡಿಸಿರುವುದೆಂದೂ, ಎರಡನ್ನೂ ಕೂಡಿಸಿ ಓದಿದಲ್ಲದೆ ಅರ್ಥ ಪೂರ್ಣವಾಗದೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ನೋಡುವ. ಹಚ್ಚೆಯೆಂಬುದು ಹಳಗನ್ನಡದ ಪಚ್ಚೆಯೇ. ಪಕಾರವು ಹಕಾರವಾದ ನಡುಗನ್ನಡದ ಮಾರ್ಪಾಡಿನಲ್ಲಿ ಪಾಲು ಹಾಲಾದಂತೆ ಪಚ್ಚೆ ಹಚ್ಚೆಯಾಯಿತು. ತಮಿಳು ತೆಲುಗುಗಳಲ್ಲಿಯೂ ಈ ಕಲೆಗೆ ಹಸುರೆಂಬರ್ಥದ ಪಚ್ಚಶಬ್ದದಿಂದಲೇ ಹೆಸರು ಬಂದಿದೆ. ಹೊಯ್ಯುವ ಮಸಿ ಕಪ್ಪಾಗಿರುವಾಗ ಹೆಸರು ಹಸುರೇಕೆಂದರೆ, ಚರ್ಮದ ಒಳಗೆ ನೆಲಸಿದ ಕಾಡಿಗೆಯು ಮೇಲಿನ ಪದರಗಳಲ್ಲಿ ಬೆಳಕು ಚೆದರುವುದರಿಂದ ನೀಲಿಹಸುರಾಗಿ ತೋರುತ್ತದೆ. ನಮ್ಮ ಹಿರಿಯರು ಹಾಕಿದ ಮಸಿಯನ್ನಲ್ಲ, ಕಣ್ಣಿಗೆ ಕಂಡ ಬಣ್ಣವನ್ನು ಹೆಸರಿಸಿದರು. ಇನ್ನು ವೇಧಶಬ್ದವು ವ್ಯಧ್ ಧಾತುವಿನ ಬಳಗಕ್ಕೆ ಸೇರಿದುದು. ಮೃಗವನ್ನು ಹೊಡೆಯುವ ವ್ಯಾಧನೂ ಅದೇ ಬಳಗದವನು. ಮಗುವಿನ ಕಿವಿಯನ್ನು ಚುಚ್ಚುವವನಿಗೂ ಬೇಡನಿಗೂ ಧಾತು ಒಂದೇ ಎಂಬುದನ್ನು ವೈಯಾಕರಣರು ವಿನೋದವೆಂದೆಣಿಸಬಹುದು, ವೈದ್ಯರು ಹಾಗೆಣಿಸಲಿಲ್ಲ. ಅವರ ಮತದಲ್ಲಿ ಚರ್ಮ ತೆರೆಯಿತೆಂದರೆ ಅದು ವ್ರಣ. ಆಭರಣಕ್ಕಾಗಿ ತೆರೆದರೂ ವ್ರಣವೇ.

ಕರ್ಣವೇಧವು ಅನೇಕ ನಿಬಂಧಕಾರರ ಎಣಿಕೆಯಲ್ಲಿ ಷೋಡಶ ಸಂಸ್ಕಾರಗಳಲ್ಲೊಂದು. ಆದರೆ ಅದರ ಕ್ರಮವನ್ನು ಕೂಲಂಕಷವಾಗಿ ಹೇಳಿರುವವನು ಸುಶ್ರುತನು. ಸಂಹಿತೆಯ ಸೂತ್ರಸ್ಥಾನದ ೧೬ನೆಯ ಅಧ್ಯಾಯವು ಇದಕ್ಕಾಗಿಯೇ ಮೀಸಲು. ಮಗುವಿನ ಕಿವಿಯನ್ನು ಚುಚ್ಚುವುದಕ್ಕೆ ರಕ್ಷೆ, ಭೂಷಣ ಎಂದು ಎರಡು ಪ್ರಯೋಜನಗಳನ್ನು ಹೇಳಿ, ಆರನೆಯ ಅಥವಾ ಏಳನೆಯ ತಿಂಗಳಲ್ಲಿ ಶುಕ್ಲಪಕ್ಷದ ಶುಭದಿನವನ್ನು ವಿಧಿಸಿ, ಮಗುವನ್ನು ದಾದಿಯ ತೊಡೆಯ ಮೇಲೆ ಕೂರಿಸಿ ಆಟಿಕೆಗಳಿಂದ ನಲಿಸುತ್ತ ಸಮಾಧಾನಪಡಿಸಬೇಕೆನ್ನುತ್ತಾನೆ. ವೈದ್ಯನು ಎಡಗೈಯಿಂದ ಕಿವಿಯನ್ನೆಳೆದು ಹಿಡಿದು, ಸೂರ್ಯನ ಬೆಳಕು ಹಾಯ್ದು ಹೊಳೆಯುವ ದೈವಕೃತವಾದ ರಂಧ್ರಸ್ಥಾನವನ್ನು ನೋಡಿಕೊಂಡು, ಬಲಗೈಯಿಂದ ಮೆಲ್ಲನೆ, ನೇರವಾಗಿ ಚುಚ್ಚಬೇಕು. ತೆಳುವಾದ ಹಾಲೆಗೆ ಸೂಜಿ, ದಪ್ಪವಾದುದಕ್ಕೆ ಆರೆ. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣುಮಗುವಿಗೆ ಎಡಗಿವಿ. ಅನಂತರ ಹತ್ತಿಯ ಬತ್ತಿಯನ್ನಿಟ್ಟು ಕಾಸದ ಎಣ್ಣೆಯನ್ನು ತಳಿಯತಕ್ಕದ್ದು. ಮೂರು ಮೂರು ದಿನಕ್ಕೊಮ್ಮೆ ಬತ್ತಿಯನ್ನು ಬದಲಾಯಿಸಿ ಸ್ವಲ್ಪ ದಪ್ಪವಾದುದನ್ನಿಡತಕ್ಕದ್ದು. ಆಟಿಕೆ ಕೊಟ್ಟು ನಲಿಸಿ ಬೆಳಕಿನಲ್ಲಿ ಹಾಲೆಯನ್ನು ಪರೀಕ್ಷಿಸಿ ಚುಚ್ಚುವ ಈ ಸಾವಧಾನವನ್ನು ಇಂದು ಕಿವಿ ಚುಚ್ಚುವವರಲ್ಲಿ ನಾನು ವಿರಳವಾಗಿ ಕಂಡಿದ್ದೇನೆ.

ಈ ಅಧ್ಯಾಯದ ಹಿರಿಮೆಯಿರುವುದು ಅದು ತಪ್ಪುಗಳನ್ನು ಎಣಿಸಿರುವುದರಲ್ಲಿ. ರಕ್ತ ಹೆಚ್ಚಾಗಿ ಸುರಿದರೆ ಅಥವಾ ನೋವು ಬಲವಾದರೆ ಸ್ಥಾನ ತಪ್ಪಿತೆಂದು ತಿಳಿಯಬೇಕು. ಉಪದ್ರವವಿಲ್ಲದಿರುವುದೇ ಸರಿಯಾದ ಸ್ಥಳದಲ್ಲಿ ಚುಚ್ಚಿದುದಕ್ಕೆ ಲಕ್ಷಣ. ಅಜ್ಞನು ತೋಚಿದಂತೆ ಚುಚ್ಚಿದರೆ ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಮೂರು ಸಿರೆಗಳಿಗೆ ಪೆಟ್ಟು ಬೀಳುವುದು. ಮೊದಲನೆಯದರಿಂದ ಜ್ವರ, ಉರಿ, ಬಾವು, ವೇದನೆ; ಎರಡನೆಯದರಿಂದ ವೇದನೆ, ಜ್ವರ, ಗಂಟುಗಳು; ಮೂರನೆಯದರಿಂದ ಮನ್ಯಾಸ್ತಂಭ, ಅಪತಾನಕ, ಶಿರೋಗ್ರಹ, ಕರ್ಣಶೂಲೆ. ಕೊನೆಯ ಈ ಸಾಲನ್ನು ಓದುವಾಗ ಕೊಂಚ ನಿಲ್ಲಬೇಕು. ಕತ್ತು ಸೆಟೆಯುವುದು, ಮೈ ಸೆಳೆತಕ್ಕೆ ಸಿಕ್ಕುವುದು, ಇವು ಕಿವಿಯ ಒಂದು ಸಿರೆಗೆ ತಗುಲಿದ ಮಾತ್ರಕ್ಕೆ ಬರುವ ಲಕ್ಷಣಗಳಲ್ಲ. ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವ ರೋಗಾಣುವು ಗಾಯವನ್ನು ಹೊಕ್ಕಾಗ ಬರುವ ಧನುರ್ವಾಯುವಿನ ಲಕ್ಷಣಗಳನ್ನು ಇವು ಬಹುವಾಗಿ ಹೋಲುತ್ತವೆ. ಕಾರಣವನ್ನು ಸಿರೆಯಲ್ಲಿ ಹುಡುಕಿದುದು ಆ ಕಾಲದ ಮಿತಿ. ಕಿವಿ ಚುಚ್ಚಿದ ಮಗು ಹಾಗೆ ಸೆಟೆದುಕೊಂಡುದನ್ನು ಕಂಡು ಬರೆದಿಟ್ಟುದು ಆ ವೈದ್ಯರ ಸತ್ಯನಿಷ್ಠೆ.

ಇದಾದ ಮೇಲೆ ಬಾವು ಬರುವುದಕ್ಕೆ ಹೇತುಗಳನ್ನು ಹೇಳುವಲ್ಲಿ ಕ್ಲಿಷ್ಟವೂ ಜಿಹ್ಮವೂ ಅಪ್ರಶಸ್ತವೂ ಆದ ಸೂಜಿಯಿಂದ ಚುಚ್ಚುವುದನ್ನೇ ಮುಂದಿಟ್ಟು, ಬತ್ತಿಯು ಅತಿಗಾಢವಾದುದು, ದೋಷಗಳು ಕೆರಳಿದುದು ಮುಂತಾದುವನ್ನು ಅದರ ಜೊತೆಗೆ ಸೇರಿಸಿದ್ದಾನೆ. ಹಾಗಾದರೆ ಬತ್ತಿಯನ್ನು ಒಡನೆ ತೆಗೆದು, ಜೇಷ್ಠಮಧು, ಹರಳುಬೇರು, ಮಂಜಿಷ್ಠೆ, ಜವೆ, ಎಳ್ಳುಗಳ ಕಲ್ಕವನ್ನು ಜೇನುತುಪ್ಪಗಳೊಡನೆ ಹಚ್ಚಿ, ಗುಣವಾದ ಮೇಲೆ ಮರಳಿ ಚುಚ್ಚತಕ್ಕದ್ದು. ಇಲ್ಲಿ ಗಮನಿಸಬೇಕಾದುದು ಔಷಧವನ್ನಲ್ಲ, ಹೇತುಗಣನೆಯ ಕ್ರಮವನ್ನು. ರೋಗವು ಮಗುವಿನ ಕರ್ಮದಿಂದಲೋ ದೃಷ್ಟಿಯಿಂದಲೋ ಬಂದುದೆಂದು ಅವನು ಹೇಳಲಿಲ್ಲ. ಮೊದಲು ಸೂಜಿಯನ್ನು ನೋಡೆಂದನು.

ಈಗ ನಮ್ಮ ಸೀಮೆಯ ಪತ್ತಾರರ ಕಡೆಗೆ ಬರೋಣ. ಇವರ ಪದ್ಧತಿಯಲ್ಲಿ ಒಂದು ಗುಣವುಂಟು. ಅದನ್ನು ಯಾರೂ ಎತ್ತಿ ಹೇಳಿದಂತೆ ಕಾಣಲಿಲ್ಲ. ಪತ್ತಾರನು ಅನೇಕವೇಳೆ ಪ್ರತ್ಯೇಕವಾದ ಸೂಜಿಯನ್ನೇ ಬಳಸುವುದಿಲ್ಲ. ಮಗುವಿಗೆ ತೊಡಿಸಬೇಕಾದ ಚಿನ್ನದ ತಂತಿಯ ಮೊನೆಯನ್ನೇ ಅರದಿಂದ ಹರಿತ ಮಾಡಿ, ಅದರಿಂದಲೇ ಚುಚ್ಚಿ, ಅದನ್ನೇ ಬಳೆಯಾಗಿ ಬಾಗಿಸಿ ಬಿಟ್ಟುಬಿಡುತ್ತಾನೆ. ಹೀಗೆ ಒಬ್ಬರ ಕಿವಿಯನ್ನು ಹೊಕ್ಕ ಮೊನೆ ಮತ್ತೊಬ್ಬರ ಕಿವಿಯನ್ನು ಹೊಗುವ ಸಂಭವವೇ ಇಲ್ಲ. ಒಬ್ಬರಿಗೆ ಒಂದು ಸೂಜಿಯೆಂಬ ಇಂದಿನ ಆಸ್ಪತ್ರೆಯ ನಿಯಮವು ಇಲ್ಲಿ ಯಾರೂ ಬೋಧಿಸದೆ, ಲೋಹದ ಬೆಲೆಯಿಂದಲೇ, ನಡೆದುಬಂದಿದೆ. ಆದರೆ ತಂತಿಯು ಒಬ್ಬರಿಗೇ ಮೀಸಲಾದರೂ ಅದು ರೋಗಾಣುರಹಿತವೆಂದಾಗಲಿಲ್ಲ. ಧರ್ಮಶಾಸ್ತ್ರದ ದ್ರವ್ಯಶುದ್ಧಿಪ್ರಕರಣದಲ್ಲಿ ಲೇಪವಿಲ್ಲದ ಚಿನ್ನವು ನೀರಿನಿಂದಲೇ ಶುದ್ಧವಾಗುವುದೆಂದು ಮನುವು ಹೇಳಿರುವುದರಿಂದ, ಚಿನ್ನಕ್ಕೆ ಮೈಲಿಗೆಯಿಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಪ್ರಕರಣವು ಊಟದ ಪಾತ್ರೆಗಳನ್ನೂ ಆಚಾರವನ್ನೂ ಕುರಿತದ್ದೇ ಹೊರತು ವ್ರಣವನ್ನು ಕುರಿತದ್ದಲ್ಲ. ಮಡಿಯು ಬೇರೆ, ರೋಗಾಣುಶುದ್ಧಿಯು ಬೇರೆ. ಮಡಿಯುಟ್ಟ ಕೈಯೂ ಸಾಬೂನಿನಿಂದ ತೊಳೆಯದಿದ್ದರೆ ವ್ರಣಕ್ಕೆ ಮೈಲಿಗೆಯೇ. ಪತ್ತಾರನ ಇಕ್ಕಳ, ಅರದ ಪುಡಿ, ಮೊನೆಯನ್ನು ಒರೆಸಿದ ಬಟ್ಟೆ ಇವೆಲ್ಲವನ್ನೂ ಆ ದೃಷ್ಟಿಯಿಂದ ನೋಡಬೇಕು. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿಯನ್ನು ಏರಿಸುವ ವಾಡಿಕೆಯೂ ಉಂಟು. ಬೇವಿಗೆ ಕಹಿಯೊಡನೆ ಕೀರ್ತಿಯೂ ಇದೆ; ಆದರೆ ಅಂಗಳದ ಧೂಳಿನಿಂದ ಹೆಕ್ಕಿದ ಕಡ್ಡಿಯನ್ನು ಬೇವೆಂಬ ಹೆಸರೇ ಶುದ್ಧಿಮಾಡಲಾರದು.

ಸ್ಥಾನದ ವಿಷಯವೂ ವಿಚಾರಾರ್ಹ. ಸುಶ್ರುತನು ಹೇಳಿದ ದೈವಕೃತರಂಧ್ರವು ಮೃದುವಾದ ಹಾಲೆಯಲ್ಲಿದೆ. ಬುಗುಡಿಯನ್ನು ಇಡುವುದು ಅಲ್ಲಲ್ಲ, ಕಿವಿಯ ಮೇಲಂಚಿನಲ್ಲಿ. ಈಗಿನ ತರುಣತರುಣಿಯರು ತೂತು ಮಾಡಿಸಿಕೊಳ್ಳುವುದೂ ಅಲ್ಲಿಯೇ ಹೆಚ್ಚು. ಅದು ಮೃದ್ವಸ್ಥಿಯ ಭಾಗ. ಶಾರೀರಸ್ಥಾನದಲ್ಲಿ ಕಿವಿ ಮೂಗುಗಳ ಎಲುಬನ್ನು ತರುಣಾಸ್ಥಿಯೆಂದು ಬೇರೆಯಾಗಿಯೇ ಎಣಿಸಿರುವುದನ್ನು ನೆನೆಯಬಹುದು. ಮೃದ್ವಸ್ಥಿಗೆ ಸ್ವಂತವಾದ ರಕ್ತನಾಳಗಳಿಲ್ಲ; ಮೇಲಿನ ತೆಳುಪೊರೆಯಿಂದಲೇ ಅದಕ್ಕೆ ಪೋಷಣೆ. ಆದುದರಿಂದ ಅಲ್ಲಿ ಕೀವುಗೂಡಿದರೆ ಔಷಧವು ಸುಲಭವಾಗಿ ತಲಪದು. ಪೊರೆ ಬಿಟ್ಟರೆ ಮೃದ್ವಸ್ಥಿ ಕರಗಿ ಕಿವಿಯು ಮುರುಟಿಹೋಗುವುದು. ಪಿಸ್ತೂಲಿನಿಂದ ಚುಚ್ಚುವಾಗ ಈ ಅಪಾಯವು ಹೆಚ್ಚುತ್ತದೆ. ಏಕೆಂದರೆ ಅದು ಮೊಂಡಾದ ಮೊಳೆಯನ್ನು ಬಲದಿಂದ ನೂಕಿ ಅಂಗವನ್ನು ಜಜ್ಜುತ್ತದೆ, ಮೇಲಾಗಿ ಪ್ಲಾಸ್ಟಿಕ್ಕಿನ ಆ ಉಪಕರಣವನ್ನು ಹಬೆಯಲ್ಲಿ ಶುದ್ಧಿಮಾಡುವಂತಿಲ್ಲ. ಮೊಳೆ ಹೊಸದು, ಪಿಸ್ತೂಲಿನ ಬಾಯಿ ಹಳೆಯದು. ೨೦೦೦ದಲ್ಲಿ ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಒಂದು ಮಳಿಗೆಯಲ್ಲಿ ಕಿವಿಯ ಮೇಲಂಚನ್ನು ಚುಚ್ಚಿಸಿಕೊಂಡ ಹಲವರಿಗೆ ಸ್ಯೂಡೋಮೊನಾಸ್ ಎಂಬ ರೋಗಾಣುವಿನಿಂದ ಕೀವುಗೂಡಿತು. ವಿಚಾರಿಸಿ ನೋಡಲಾಗಿ, ರೋಗಾಣುವು ಮನೆಮಾಡಿದ್ದುದು ಶುದ್ಧಿಗೆಂದು ಸಿಂಪಡಿಸುತ್ತಿದ್ದ ದ್ರವದ ಸೀಸೆಯಲ್ಲಿಯೇ. ಶುದ್ಧಿಕಾರಕವೆಂಬ ಹೆಸರು ಅಂಟಿಸಿದ ಸೀಸೆಯನ್ನೂ ಕಣ್ಣು ಮುಚ್ಚಿ ನಂಬಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಹಚ್ಚೆಯ ವಿಷಯವು ಇದಕ್ಕಿಂತ ತೊಡಕಿನದು. ೧೯೦೯ರಲ್ಲಿ, ಈ ಪ್ರದೇಶವು ಮದರಾಸಿನ ಆಧಿಪತ್ಯಕ್ಕೊಳಪಟ್ಟಿದ್ದಾಗ, ಅಚ್ಚಾದ ಥರ್ಸ್ಟನ್ನನ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ಕೊರವರ ಹೆಂಗಸರು ಹಚ್ಚೆ ಹೊಯ್ಯುವವರೆಂಬ ಉಲ್ಲೇಖವಿದೆ. ಮಸಿ ಮಾಡುವ ಹಳೆಯ ಕ್ರಮಗಳಲ್ಲೊಂದು ಹೀಗೆ: ಅರಿಶಿನವನ್ನೂ ಅಗಸೆಮರದ ಸೊಪ್ಪನ್ನೂ ಬಟ್ಟೆಯಲ್ಲಿ ಬತ್ತಿಯಾಗಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿ ಉರಿಸಿ, ಮೇಲೆ ಮಡಕೆಯನ್ನು ಕವುಚಿ, ಅದಕ್ಕೆ ಹಿಡಿದ ಕಾಡಿಗೆಯನ್ನು ಕೆರೆದು, ಎದೆಹಾಲಿನಲ್ಲಿ ಕಲಸುವುದು. ಮೂರು ನಾಲ್ಕು ಸೂಜಿಗಳನ್ನು ದಾರದಿಂದ ಒಟ್ಟಾಗಿ ಕಟ್ಟಿ, ಮಸಿಯಲ್ಲದ್ದಿ, ಚುಕ್ಕೆ ಚುಕ್ಕೆಯಾಗಿ ಚುಚ್ಚಿ, ಮೇಲೆ ಅರಿಶಿನವನ್ನು ಒತ್ತುವರು. ಉರಿಯಿಂದ ಹುಟ್ಟಿದ ಕಾಡಿಗೆಯಲ್ಲಿ ಹೊಸದಾಗಿರುವಾಗ ರೋಗಾಣುವಿರಲಾರದು. ಹಾಲು ಬೆರೆತ ಗಳಿಗೆಯಿಂದ ಅದು ರೋಗಾಣುಗಳಿಗೆ ಅನ್ನವಾಗುವುದು. ಇದು ಹಳ್ಳಿಯ ಹೆಂಗಸರ ಅಜ್ಞಾನವೆಂದು ನಗುವವರು ಮತ್ತೊಂದನ್ನೂ ಕೇಳಬೇಕು: ೨೦೧೧ರಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಕಾರ್ಖಾನೆಯಲ್ಲಿಯೇ ತೆಳುಮಾಡಿ ಸೀಸೆಗೆ ತುಂಬಿದ ಬೂದುಬಣ್ಣದ ಮಸಿಯಿಂದ ೧೯ ಮಂದಿಗೆ ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ ಒಂದು ಅಣುಜೀವಿಯಿಂದ ಚರ್ಮದಲ್ಲಿ ಗುಳ್ಳೆಗಳೆದ್ದುವು. ಹಾಲಾಗಲಿ ನೀರಾಗಲಿ, ಮಸಿಯನ್ನು ತೆಳುಮಾಡುವ ದ್ರವ್ಯವೇ ಎರಡು ಕಡೆಗಳಲ್ಲಿಯೂ ದೋಷದ ಬಾಗಿಲು.

ಸೂಜಿ ಎಷ್ಟು ಆಳಕ್ಕೆ ಹೋಗುತ್ತದೆಂಬುದನ್ನು ಶಾಸ್ತ್ರದ ಅಳತೆಯಿಂದ ನೋಡಿದರೆ ಸ್ವಾರಸ್ಯವಾಗಿದೆ. ಸುಶ್ರುತನು ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಏಳು ತ್ವಚೆಗಳನ್ನು ಹೇಳಿ, ವ್ರೀಹಿಯ, ಎಂದರೆ ಬತ್ತದ ಕಾಳಿನ, ಪ್ರಮಾಣದಿಂದ ಅವುಗಳ ದಪ್ಪವನ್ನು ಕೊಟ್ಟಿದ್ದಾನೆ: ಅವಭಾಸಿನಿಯು ೧೮ರಲ್ಲೊಂದು ಪಾಲು, ಲೋಹಿತೆಯು ೧೬ರಲ್ಲೊಂದು, ಶ್ವೇತೆಯು ೧೨ರಲ್ಲೊಂದು, ತಾಮ್ರೆಯು ೮ರಲ್ಲೊಂದು, ವೇದಿನಿಯು ೫ರಲ್ಲೊಂದು, ರೋಹಿಣಿಯು ಒಂದು ವ್ರೀಹಿ, ಮಾಂಸಧರೆಯು ಎರಡು. ಭಾಗಶಬ್ದಕ್ಕೆ ಬೇರೆ ಅರ್ಥ ಹೇಳುವವರೂ ಉಂಟು. ಸರಳವಾದ ಅರ್ಥವನ್ನೇ ಹಿಡಿದು, ಕಾಳಿನ ಅಗಲವನ್ನು ಸುಮಾರು ಎರಡೂವರೆ ಮಿಲ್ಲಿಮೀಟರೆಂದು ಇಟ್ಟುಕೊಂಡರೆ, ಮೊದಲ ಐದು ತ್ವಚೆಗಳ ಮೊತ್ತವು ಅರ್ಧ ವ್ರೀಹಿಗಿಂತ ತುಸು ಹೆಚ್ಚು, ಎಂದರೆ ಒಂದೂಕಾಲು ಮಿಲ್ಲಿಮೀಟರಿನಷ್ಟಾಗುವುದು. ಹಚ್ಚೆಯ ಸೂಜಿ ಇಳಿಯುವುದು ಒಂದರಿಂದ ಎರಡು ಮಿಲ್ಲಿಮೀಟರು. ಎಂದ ಮೇಲೆ ಅದು ತಾಮ್ರೆಯನ್ನು ದಾಟಿ ವೇದಿನಿಯನ್ನು ಹೊಕ್ಕು ರೋಹಿಣಿಯ ಅಂಚನ್ನು ಮುಟ್ಟುವುದು. ತಾಮ್ರೆ ವೇದಿನಿಗಳನ್ನು ಕುಷ್ಠಕ್ಕೆ ಅಧಿಷ್ಠಾನವೆಂದೂ, ವೇದಿನಿಯನ್ನು ವಿಸರ್ಪಕ್ಕೂ ಅಧಿಷ್ಠಾನವೆಂದೂ ಆಚಾರ್ಯನು ಹೇಳಿರುವುದು ಇಲ್ಲಿ ಸ್ಮರಣೀಯ. ಮಧ್ಯಭಾರತದ ಛತ್ತೀಸಗಢದ ಕಡೆಯಲ್ಲಿ ಹಚ್ಚೆ ಹೊಯ್ದ ಗೆರೆಗಳ ಮೇಲೆಯೇ ಕುಷ್ಠದ ಮಚ್ಚೆಗಳು ಎದ್ದುದನ್ನು ಚರ್ಮವೈದ್ಯರು ವರದಿಮಾಡಿದ್ದಾರೆ. ಶಾಸ್ತ್ರದ ಕುಷ್ಠಶಬ್ದವು ಇಂದಿನ ಒಂದೇ ರೋಗಕ್ಕೆ ಸಲ್ಲುವುದಿಲ್ಲ, ನಿಜ. ಆದರೂ ಹೋಲಿಕೆಯು ಉಪೇಕ್ಷಣೀಯವಲ್ಲ. ಹಚ್ಚೆಯು ಅಳಿಯದೆ ನಿಲ್ಲುವುದೂ ಆ ಆಳದಿಂದಲೇ. ಅಲ್ಲಿರುವ ಭಕ್ಷಕಕಣಗಳು ಮಸಿಯನ್ನು ನುಂಗಿ ಕರಗಿಸಲಾರದೆ ಹೊತ್ತುಕೊಂಡಿರುತ್ತವೆ. ಅವು ಸತ್ತಾಗ ಹೊಸವು ಬಂದು ಅದೇ ಮಸಿಯನ್ನು ಮರಳಿ ನುಂಗುತ್ತವೆಯೆಂದು ೨೦೧೮ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಹದಿನೆಂಟರ ಹರೆಯದಲ್ಲಿ ಪ್ರೇಯಸಿಯ ಹೆಸರನ್ನು ಬರೆಸಿಕೊಂಡ ವಿದ್ಯಾರ್ಥಿಗೆ ಈ ಒಂದಂಶವನ್ನಾದರೂ ಉಪಾಧ್ಯಾಯರು ಮುಂಚೆಯೇ ತಿಳಿಸಬಹುದು.

ಇಷ್ಟು ದೂರ ಶಾಸ್ತ್ರವೂ ವಿಜ್ಞಾನವೂ ಜೊತೆಯಲ್ಲಿ ನಡೆದುವು. ಇಲ್ಲಿಂದ ಮುಂದೆ ಶಾಸ್ತ್ರಕ್ಕೆ ಕಾಣದಿದ್ದ ಹಾದಿ. ಸುಶ್ರುತನು ಕೆಟ್ಟ ಸೂಜಿಯನ್ನು ಬಲ್ಲನು. ಚೆನ್ನಾಗಿ ಹೊಳೆಯುವ, ಹರಿತವಾದ, ತೊಳೆದ ಸೂಜಿಯೊಂದು ನೋಡುವುದಕ್ಕೆ ಆರೋಗ್ಯವಂತನಾದ ಒಬ್ಬನ ರಕ್ತದಿಂದ ಮತ್ತೊಬ್ಬನಿಗೆ ಮರಣವನ್ನು ಒಯ್ಯಬಹುದೆಂಬುದು ಅವನ ಕಾಲಕ್ಕೆ ತಿಳಿಯುವಂತಿರಲಿಲ್ಲ. ನಮಗಾದರೂ ಇದು ತಿಳಿದುದು ಈಚೆಗೆ. ಯಕೃತ್ತನ್ನು ಕೆಡಿಸು‌ವ ಹೆಪಟೈಟಿಸ್ ಬಿ ವೈರಸ್ಸಿನ ಗುರುತು ೧೯೬೦ರ ದಶಕದಲ್ಲಿ ಸಿಕ್ಕಿತು. ಏಡ್ಸ್ ರೋಗದ ಎಚ್‌ಐವಿಯು ೧೯೮೩ರಲ್ಲಿಯೂ, ಹೆಪಟೈಟಿಸ್ ಸಿ ವೈರಸ್ಸು ೧೯೮೯ರಲ್ಲಿಯೂ ಗೊತ್ತಾದುವು. ಇವುಗಳಲ್ಲಿ ಎಚ್‌ಐವಿಗೆ ಜನ ಹೆಚ್ಚು ಹೆದರುತ್ತಾರೆ; ಸೂಜಿಯ ವಿಷಯದಲ್ಲಿ ಹೆಚ್ಚು ಹೆದರತಕ್ಕದ್ದು ಹೆಪಟೈಟಿಸ್ ಬಿಗೆ. ಆಸ್ಪತ್ರೆಗಳಲ್ಲಿ ರೋಗಿಗೆ ಚುಚ್ಚಿದ ಸೂಜಿಯು ಲಸಿಕೆಯಿಲ್ಲದ ಸೇವಕರಿಗೆ ಆಕಸ್ಮಿಕವಾಗಿ ತಗುಲಿದಾಗ, ಎಚ್‌ಐವಿ ಅಂಟುವುದು ಸಾವಿರಕ್ಕೆ ಮೂರು ಸಲದಷ್ಟು. ಹೆಪಟೈಟಿಸ್ ಬಿ ಅಂಟುವುದು ನೂರಕ್ಕೆ ೬ರಿಂದ ೩೦. ಈ ವೈರಸ್ಸು ಒಣಗಿದ ರಕ್ತದ ಕಲೆಯಲ್ಲಿ ಏಳು ದಿನವಾದರೂ ಬದುಕಿರಬಲ್ಲುದು. ಸೋಮವಾರದ ಸಂತೆಯಲ್ಲಿ ಚುಚ್ಚಿದ ಸೂಜಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಂದಿನ ಸೋಮವಾರ ತೆಗೆದರೂ ಅದರಲ್ಲಿ ರೋಗವು ಕಾದುಕೊಂಡಿರಬಹುದೆಂದರ್ಥ. ಅಂಟಿದವನಿಗೆ ಹಲವು ವರ್ಷ ಏನೂ ತೋರದು. ಆದಕಾರಣ ಕಾಮಾಲೆಗೆ ಮದ್ದು ಹುಡುಕುವಾಗ ಎಂದೋ ಜಾತ್ರೆಯಲ್ಲಿ ಹೊಯ್ಸಿಕೊಂಡ ಹಚ್ಚೆಯನ್ನು ಯಾರೂ ನೆನೆಯುವುದಿಲ್ಲ. "ನಮ್ಮ ಅಜ್ಜಿಗೇನಾಯಿತು" ಎಂಬ ಪ್ರಶ್ನೆಗೆ ಉತ್ತರ ಸಿಕ್ಕದಿರುವುದು ಇದರಿಂದಲೇ.

ಶುದ್ಧಿಯ ಉಪಾಯಗಳಲ್ಲಿ ಅಗ್ನಿಯನ್ನು ನಮ್ಮವರು ಬಲ್ಲರು. ಚಿಕಿತ್ಸಾಸ್ಥಾನದಲ್ಲಿ, ಹೊಟ್ಟೆಯ ಗಾಯದಿಂದ ಹೊರಬಂದ ಮೇದಸ್ಸಿನ ಬತ್ತಿಯನ್ನು ಬೆಂಕಿಯಲ್ಲಿ ಕಾಯಿಸಿದ ಶಸ್ತ್ರದಿಂದ ಕತ್ತರಿಸಬೇಕೆಂದಿದೆ. ಕಾಯಿಸದ ಶಸ್ತ್ರದಿಂದ ಕತ್ತರಿಸಿದರೆ ಪಾಕದ, ಎಂದರೆ ಕೀವಾಗುವ, ಭಯವುಂಟೆಂದು ವ್ಯಾಖ್ಯಾನಕಾರನಾದ ಡಲ್ಹಣನು ಕಾರಣವನ್ನು ಸ್ಪಷ್ಟವಾಗಿ ಕೊಟ್ಟಿದ್ದಾನೆ. ರೋಗಾಣುವೆಂಬ ಶಬ್ದವಿಲ್ಲದೆ ಅದರ ಫಲವನ್ನು ಹೇಳಿದ ಮಾತಿದು. ಆದರೆ ಹಚ್ಚೆಯ ಸೂಜಿಯನ್ನು ಬೆಂಕಿಕಡ್ಡಿಯ ಉರಿಯಲ್ಲಿ ಒಮ್ಮೆ ಆಡಿಸುವುದು ಡಲ್ಹಣನು ಹೇಳಿದ ಕಾಯಿಸುವಿಕೆಯಲ್ಲ. ಮೊನೆಗೆ ಮಸಿ ಹತ್ತುತ್ತದೆ, ಬುಡದಲ್ಲಿ ದಾರದೊಳಗೆ ಹೆಪ್ಪುಗಟ್ಟಿದ ರಕ್ತವು ಹಾಗೆಯೇ ಉಳಿಯುತ್ತದೆ. ಕುದಿಯುವ ನೀರು ಅನೇಕ ರೋಗಾಣುಗಳನ್ನು ಕೊಲ್ಲುವುದಾದರೂ ಧನುರ್ವಾಯುವಿನ ಬೀಜಾಣುಗಳನ್ನು ಕೊಲ್ಲುವುದೆಂದು ನಂಬುವಂತಿಲ್ಲ. ನಂಬತಕ್ಕದ್ದು ಒತ್ತಡದ ಹಬೆ: ಆಟೋಕ್ಲೇವೆಂಬ ಪಾತ್ರೆಯಲ್ಲಿ ೧೨೧ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ೧೫ ನಿಮಿಷಕ್ಕೆ ಕಡಮೆಯಾಗದಂತೆ ಇಡುವುದು, ಅದಕ್ಕೆ ಮುಂಚೆ ರಕ್ತದ ಅಂಶವನ್ನು ಉಜ್ಜಿ ತೊಳೆಯುವುದು. ಸೂಜಿಯ ಮಟ್ಟಿಗಾದರೆ ಇಷ್ಟೂ ಬೇಡ. ಮೊಹರು ಮಾಡಿದ ಹೊಸ ಸೂಜಿಗೆ ತಗಲುವುದು ಕೆಲವು ರೂಪಾಯಿಗಳು, ಅದನ್ನು ಗಿರಾಕಿಯ ಕಣ್ಣೆದುರಿಗೇ ಒಡೆದು, ಕೆಲಸವಾದೊಡನೆ ಎಸೆಯತಕ್ಕದ್ದು.

ಯಂತ್ರವು ಬಂದ ಮೇಲೆ ಸೂಜಿಯೊಂದನ್ನು ನೋಡಿದರೆ ಸಾಲದಾಯಿತು. ೧೮೯೧ರಲ್ಲಿ ನ್ಯೂಯಾರ್ಕಿನ ಓ'ರೈಲಿಯೆಂಬವನು, ಎಡಿಸನ್ನನ ವಿದ್ಯುಲ್ಲೇಖನಿಯ ಮಾದರಿಯನ್ನನುಸರಿಸಿ, ಪೇಟೆಂಟು ಪಡೆದ ಈ ಉಪಕರಣದಲ್ಲಿ ಸೂಜಿಯು ಒಂದು ನಳಿಕೆಯೊಳಗೆ ಆಡುತ್ತದೆ. ರಕ್ತ ಬೆರೆತ ಮಸಿ ನಳಿಕೆಯೊಳಗೆ ಹಿಂದೆ ಸರಿಯುತ್ತದೆ. ಹೊಸ ಸೂಜಿಯನ್ನಿಟ್ಟು ಹಳೆಯ ನಳಿಕೆಯನ್ನೇ ಬಳಸಿದರೆ ಪ್ರಯೋಜನವೇನು? ಒಂದು ಜಾತ್ರೆಯಲ್ಲಿ ನಾನು ಒಂದು ಗಂಟೆ ನಿಂತು ನೋಡಿದಾಗ, ಯುವಕನೊಬ್ಬನು ಏಳು ತೋಳುಗಳಿಗೆ ಒಂದೇ ಬಟ್ಟಲಿನ ಮಸಿಯನ್ನು ಬಳಸಿದನು. ಸೂಜಿಯನ್ನು ಎರಡು ಸಲ ಬದಲಾಯಿಸಿದನು, ಬಟ್ಟಲನ್ನು ಒಮ್ಮೆಯೂ ಇಲ್ಲ. ಒರೆಸುವ ಬಟ್ಟೆಯೂ, ಬೆರಳಿನಿಂದ ತೆಗೆಯುವ ವ್ಯಾಸಲೀನಿನ ಡಬ್ಬಿಯೂ, ರೋಮ ತೆಗೆಯುವ ಕತ್ತಿಯೂ ಹಾಗೆಯೇ ಸಾಮಾನ್ಯಸ್ವತ್ತುಗಳಾಗಿದ್ದುವು. ಅವನು ಮೋಸಗಾರನಲ್ಲ, ಸೂಜಿಯಲ್ಲಿ ದೋಷವುಂಟೆಂದು ಯಾರೋ ಹೇಳಿದ್ದರು, ಬಟ್ಟಲಿನಲ್ಲಿ ಉಂಟೆಂದು ಯಾರೂ ಹೇಳಿರಲಿಲ್ಲ. ಬೆರಳಗಲದ ಚಿಕ್ಕ ಬಟ್ಟಲುಗಳಲ್ಲಿ ಒಬ್ಬೊಬ್ಬರಿಗೆ ಬೇಕಾದಷ್ಟೇ ಮಸಿಯನ್ನು ಬಗ್ಗಿಸಿ, ಉಳಿದುದನ್ನು ಚೆಲ್ಲುವುದೇ ಇದಕ್ಕೆ ಮಾರ್ಗ. ಮಸಿಯೂ ನಿರ್ದೋಷವೆಂದು ತಿಳಿಯಲಾಗದು. ಕರ್ಣಾಟಕದ ಆರೋಗ್ಯಶಾಖೆಯವರು ಮಾದರಿಗಳನ್ನು ಪರೀಕ್ಷಿಸಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಮುಂತಾದ ೨೨ ಲೋಹಗಳು ಕಂಡುವೆಂದು ೨೦೨೫ರಲ್ಲಿ ಪ್ರಕಟಿಸಿದರು. ಯೂರೋಪಿನ ರಾಷ್ಟ್ರಕೂಟವು ೨೦೨೨ರಿಂದ ಹಚ್ಚೆಯ ಮಸಿಯ ಸಾವಿರಾರು ದ್ರವ್ಯಗಳಿಗೆ ನಿರ್ಬಂಧ ಹಾಕಿದೆ.

ಅಪಾಯವು ಹೊಯ್ಸಿಕೊಳ್ಳುವವರಿಗೆ ಮಾತ್ರವೆಂದು ತಿಳಿಯುವುದು ಅನ್ಯಾಯ. ಹೊಯ್ಸಿಕೊಳ್ಳುವವನು ಜೀವಮಾನದಲ್ಲಿ ಒಂದೆರಡು ಸಲ ಸೂಜಿಗೆ ಮೈಯೊಡ್ಡುತ್ತಾನೆ. ಹೊಯ್ಯುವವಳು ದಿನಕ್ಕೆ ಹತ್ತು ಜನರ ರಕ್ತವನ್ನು ಬರಿಗೈಯಿಂದ ಒರೆಸುತ್ತಾಳೆ, ಸೂಜಿಯನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಾಳೆ, ಬೆರಳಿಗೆ ಚುಚ್ಚಿಸಿಕೊಳ್ಳುತ್ತಾಳೆ, ಮಗುವನ್ನು ಪಕ್ಕದಲ್ಲಿಯೇ ಮಲಗಿಸಿಕೊಂಡಿರುತ್ತಾಳೆ. ಕೊರವಂಜಿಯನ್ನು ಕಾವ್ಯನಾಟಕಗಳಲ್ಲಿ ಕಣಿ ಹೇಳುವವಳೆಂದು ಕೊಂಡಾಡಿ ಪಾಠ ಹೇಳುವ ನಾವು ಅವಳ ಬೆರಳನ್ನು ನೋಡಿದವರಲ್ಲ. ಹೆಪಟೈಟಿಸ್ ಬಿಗೆ ಲಸಿಕೆಯಿದೆ. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ೨೦೧೧ರಿಂದ ಈಚೆಗೆ ದೇಶದಲ್ಲೆಲ್ಲ ಶಿಶುಗಳಿಗೆ ಇದನ್ನು ಕೊಡುತ್ತಿರುವರಾದರೂ, ಈಗ ನಲವತ್ತು ದಾಟಿದವರಿಗೆ ತಾವಾಗಿ ಕೇಳದೆ ಅದು ದೊರೆತಿಲ್ಲ. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಔಷಧವಿದೆ. ಬೆರಳಿಗೆ ಸೂಜಿ ತಗುಲಿದರೆ ಹಿಂಡದೆ ನೀರು ಸಾಬೂನುಗಳಿಂದ ತೊಳೆದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಎಚ್‌ಐವಿಯನ್ನು ತಡೆಯುವ ಔಷಧವನ್ನು ೭೨ ಗಂಟೆಗಳೊಳಗೆ ಆರಂಭಿಸಿದರಷ್ಟೆ ಫಲ.

ಶಾಸನದ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಹಚ್ಚೆಯ ಅಂಗಡಿಗಳಿಗೇ ಮೀಸಲಾದ ಕೇಂದ್ರಶಾಸನವು ಭಾರತದಲ್ಲಿಲ್ಲ. ಆದರೆ ಎಚ್‌ಐವಿ ಏಡ್ಸ್ ತಡೆಗಾಗಿ ೨೦೧೭ರಲ್ಲಾದ ಕಾನೂನು, ವೈದ್ಯಸಂಸ್ಥೆಗಳಿಗೆ ಮಾತ್ರವಲ್ಲದೆ ವೃತ್ತಿಯಲ್ಲಿ ಈ ಸೋಂಕಿನ ಅಪಾಯವು ಗಣನೀಯವಾಗಿರುವ ಇತರ ಸಂಸ್ಥೆಗಳಿಗೂ, ಕೆಲಸಗಾರರಿಗೆ ರಕ್ಷಣೋಪಾಯಗಳನ್ನೂ ಶಿಕ್ಷಣವನ್ನೂ ಒದಗಿಸುವ ಹೊಣೆಯನ್ನು ಹೊರಿಸಿದೆ. ಹಚ್ಚೆಯ ಅಂಗಡಿಯು ಇದರೊಳಗೆ ಬರಬೇಕೆಂದೇ ನನ್ನ ಅಭಿಪ್ರಾಯ. ಚಾಪೆಯ ಮೇಲೆ ಕುಳಿತ ಹೆಂಗಸು ಸಂಸ್ಥೆಯೆನಿಸುವಳೇ ಎಂಬುದು ವಕೀಲರ ತರ್ಕಕ್ಕೆ ಬಿಟ್ಟದ್ದು.

ಇಂಥ ಲೇಖನವನ್ನೋದಿ ಕೊರವರನ್ನೂ ಜಾತ್ರೆಯ ಯುವಕರನ್ನೂ ಊರ ಹೊರಗೆ ಅಟ್ಟಬೇಕೆಂದು ಯಾರಾದರೂ ಹೊರಟರೆ ಅದು ಅನರ್ಥ. ಅಟ್ಟಿದ ವೃತ್ತಿಯು ಕತ್ತಲೆಯಲ್ಲಿ ನಡೆಯುವುದು, ಆಗ ಸೂಜಿಯನ್ನು ನೋಡುವವರೇ ಇರುವುದಿಲ್ಲ. ದೋಷವು ಜಾತಿಯಲ್ಲಿಲ್ಲ, ಎರಡನೆಯ ತೋಳಿಗೆ ಹೋಗುವ ಮೊನೆಯಲ್ಲಿದೆ. ಪೇಟೆಯ ತಂಪುಹವೆಯ ಅಂಗಡಿಯಲ್ಲಿಯೂ ಆ ಮೊನೆ ಇರಬಹುದು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿಯೇ ಬರೆದನು. ಹಾವು ಕಚ್ಚಿದವನು ಬಲ್ಲ ಭಾಷೆ ಕನ್ನಡವಾಗಿತ್ತಷ್ಟೆ. ಮಸಿಯ ಸೀಸೆಯ ಮೇಲೂ ಸೂಜಿಯ ಪೊಟ್ಟಣದ ಮೇಲೂ ಅಂಥ ಎರಡು ಸಾಲು ಕನ್ನಡವು ಇಂದಿಗೂ ಕಾಣುವುದಿಲ್ಲ. ಆ ಸಾಲುಗಳನ್ನು ಹಳ್ಳಿಯವರಿಗೆ ಅರ್ಥವಾಗುವಂತೆ ಬರೆದುಕೊಡುವುದು ಭಾಷಾಧ್ಯಾಪಕರ ಕೈಯಲ್ಲಾಗುವ ಕೆಲಸ.

ಜಾತ್ರೆಗಳ ಮಟ್ಟಿಗೆ ಏರ್ಪಾಡು ಕಷ್ಟವಲ್ಲ. ಅಂಗಡಿಗಳಿಗೆ ಜಾಗ ಕೊಡುವಾಗಲೇ ಹಚ್ಚೆಯವರಿಗೂ ಕಿವಿ ಚುಚ್ಚುವವರಿಗೂ ಕೈತೊಳೆಯುವ ನೀರು ಸಾಬೂನು, ಕೈಚೀಲ, ಹೊಸ ಸೂಜಿ, ತೂತಾಗದ ಡಬ್ಬಿ ಇವು ಇರಬೇಕೆಂಬ ಷರತ್ತನ್ನು ಸೇರಿಸಿ, ಬಳಸಿದ ಸೂಜಿಗಳ ಡಬ್ಬಿಯನ್ನು ಸಂಜೆಗೆ ತಾಲ್ಲೂಕಿನ ಆಸ್ಪತ್ರೆಯವರು ಪಡೆದುಕೊಳ್ಳುವಂತೆ ಮಾಡಿದರೆ, ಬರಿಗಾಲಿನಲ್ಲಿ ಬಂದ ಭಕ್ತರಿಗೂ ಅದರಿಂದ ಕ್ಷೇಮ. ಮೈಲಾರದ ಕಾರಣಿಕವು ಭರತಹುಣ್ಣಿಮೆಯ ಸುಮಾರಿಗೂ, ಕೊಟ್ಟೂರಿನ ರಥೋತ್ಸವವು ಮಾಘ ಬಹುಳದಲ್ಲಿಯೂ, ಕುರುವತ್ತಿಯ ಜಾತ್ರೆಯು ಶಿವರಾತ್ರಿಯ ವೇಳೆಗೂ ಬೀಳುವುದರಿಂದ, ಒಂದೇ ಗುಂಪಿನವರು ಒಂದೇ ಪೆಟ್ಟಿಗೆಯನ್ನು ಹೊತ್ತು ಹದಿನೈದು ದಿನಗಳೊಳಗೆ ಮೂರು ಕಡೆಗೂ ಹೋಗುತ್ತಾರೆ. ಡಬ್ಬಿಯನ್ನು ಮೊದಲನೆಯ ಜಾತ್ರೆಯಲ್ಲಿ ಖಾಲಿ ಮಾಡಿಸದಿದ್ದರೆ ಮೈಲಾರದ ಸೂಜಿಯು ಕೊಟ್ಟೂರಿನ ತೇರಿನ ದಿನಕ್ಕೆ ಬಂದುಸೇರುವುದು.